ಶಿಲುಬೆ ಇಳಿಸಿದ ಪಾಸ್ಟರ್

ಪ್ರಶ್ನೆ: ಅಮೆರಿಕದಲ್ಲಿ ಒಬ್ರು ಪಾಸ್ಟರ್ ತಮ್ಮ ಚರ್ಚಿನ ಶಿಲುಬೆನೇ ತೆಗೆಸಿಬಿಟ್ರಂತೆ, ನಿಜಾನಾ ಸಾರ್?
– ಓದುಗರು, ಹಾಸನ

ಉತ್ತರ: ನಿಜಾನೇ ಕಣ್ರೀ. ಸ್ಯಾನ್ ಫ್ರಾನ್ಸಿಸ್ಕೋದ ಗ್ಲೈಡ್ ಮೆಮೋರಿಯಲ್ ಮೆಥಡಿಸ್ಟ್ ಚರ್ಚಿಗೆ 1963ರಲ್ಲಿ ಬಂದ ಸೆಸಿಲ್ ವಿಲಿಯಮ್ಸ್ ಅವ್ರು. ಒಳಗೆ ಭಾನುವಾರದ ಆರಾಧನೆಗೆ ಬೆರಳೆಣಿಕೆ ಜನ, ಹೊರಗೆ ಟೆಂಡರ್‌ಲಾಯ್ನ್ ಅನ್ನೋ ಆ ಬಡವರ ಬಡಾವಣೆ ಬೀದೀಲಿ ನೋಡಿದ್ರೆ ಮನೆ ಇಲ್ದೋರು, ಡ್ರಗ್ಸ್‌ಗೆ ಬಿದ್ದೋರು, ಮನೆಯವ್ರೇ ಹೊರಗೆ ಹಾಕಿದ ಸಲಿಂಗಿ ಹುಡುಗ್ರು, ಇವ್ರೆಲ್ಲಾ ಒಳಗೆ ಬರ್ಲಿ ಅಂತ ಬಾಗಿಲು ತೆಗೆದ್ರು. ಶಿಲುಬೆ ಸಾವಿನ ಗುರುತು, ನಮಗೆ ಬೇಕಿರೋದು ಬದುಕು ಅಂತ 1967ರಲ್ಲಿ ಅದನ್ನ ಇಳಿಸಿದ್ರು, ಹಳೇ ಕೀರ್ತನೆ ಜಾಗಕ್ಕೆ ಜಾಜ್, ಗಾಸ್ಪೆಲ್ ಸಂಗೀತ ಬಂತು. ಶಿಲುಬೆ ವಿಷ್ಯದಲ್ಲಿ ನನಗಂತೂ ಪೂರ್ತಿ ಒಪ್ಪಿಗೆ ಇಲ್ಲ, ಆದ್ರೆ ಅಲ್ಲಿನ ಬಿಟ್ಟಿ ಊಟದ ಕ್ಯೂ ಇದೆಯಲ್ಲ, ತಟ್ಟೆ ಹಿಡಿದು ನಿಂತೋರನ್ನ ನೀನು ಯಾವ ಧರ್ಮದೋನು ಅಂತ ಕೇಳಲ್ಲ. ವಿಲಿಯಮ್ಸ್ 2024ರಲ್ಲಿ ತೀರಿಕೊಂಡ್ರು, 94 ವರ್ಷ ಆಗಿತ್ತು.