ಅಂಗೈ ಗಂಟು ಮತ್ತು ಪಿ-53

ಪ್ರಶ್ನೆ: ನಮ್ಮ ತಂದೆಯವರ ಅಂಗೈ, ಅಂಗಾಲಿನಲ್ಲಿ ಜೋಳದ ಕಾಳಿನಷ್ಟು ಗಟ್ಟಿ ಗಂಟುಗಳಿವೆ. ಬಹುಕಾಲ ಆರ್ಸೆನಿಕ್ ಇದ್ದ ಬೋರ್‌ವೆಲ್ ನೀರು ಕುಡಿದವರು. ಬಯಾಪ್ಸಿ ರಿಪೋರ್ಟಿನಲ್ಲಿ ‘ಆರ್ಸೆನಿಕಲ್ ಕೆರಟೋಸಿಸ್, ಪಿ-53 ಪಾಸಿಟಿವ್’ ಎಂದಿದೆ. ಕ್ಯಾನ್ಸರ್ ಯಾವಾಗ ಬರುತ್ತದೆಂದು ಇದರಿಂದ ಗೊತ್ತಾಗುತ್ತದೆಯೇ?
— ಓದುಗರು, ಸುರಪುರ ತಾಲ್ಲೂಕು, ಯಾದಗಿರಿ

ಉತ್ತರ: ಇಲ್ಲ. ಆರ್ಸೆನಿಕಲ್ ಕೆರಟೋಸಿಸ್ ಎಂದರೆ ಆರ್ಸೆನಿಕ್‌ನಿಂದ ಚರ್ಮ ದಪ್ಪಗಾಗಿ ಏಳುವ ಗಂಟು. ಯಾವ ಮಾರ್ಕರ್ (ರೋಗದ ಸುಳಿವು ಕೊಡುವ ಗುರುತು) ಕೂಡ ತಾರೀಖು ಹೇಳುವುದಿಲ್ಲ. ಕೋಶ ಕ್ಯಾನ್ಸರಿನತ್ತ ತಿರುಗದಂತೆ ಕಾಯುವ ಪಿ-53 ಪ್ರೋಟೀನು ಸಹಜ ಕೋಶದಲ್ಲಿ ಬೇಗ ಕರಗಿಹೋಗುತ್ತದೆ. ಅದರ ಜೀನ್ ಕೆಟ್ಟರೆ ಸಾಮಾನ್ಯವಾಗಿ ಶೇಖರವಾಗಿ, ಲ್ಯಾಬಿನಲ್ಲಿ ಬಣ್ಣ ಹಾಕಿ ನೋಡಿದಾಗ ಕೋಶಕೇಂದ್ರ ಕಂದು ಬಣ್ಣ ಹಿಡಿಯುತ್ತದೆ. ಆದರೆ ಬಿಸಿಲಿಗೆ ಬಾಡಿದ, ಕ್ಯಾನ್ಸರಿಲ್ಲದ ಚರ್ಮದಲ್ಲೂ ಹೀಗಾಗಬಹುದು. ಜೀನ್ ಪೂರ್ತಿ ತುಂಡಾಗಿದ್ದರೆ ಬಣ್ಣವೇ ಬರುವುದಿಲ್ಲ! ಹಾಗಾಗಿ ‘ಪಾಸಿಟಿವ್’ ಎಂಬ ಒಂದೇ ಪದ ಸಾಲದು, ಬಣ್ಣ ಯಾವ ಪದರದವರೆಗೆ ಏರಿದೆ ಎಂದು ಕೇಳಿ. ಕೋಶ ವಿಭಜನೆ ತೋರಿಸುವ ಇನ್ನೊಂದು ಮಾರ್ಕರ್ ಕಿ-67 ಸಹಜವಾಗಿ ತಳದ ಪದರಗಳಲ್ಲೇ ಇರುತ್ತದೆ. ವಿಕಾರ ಕೋಶಗಳು ಮೇಲ್ಚರ್ಮದ ಪೂರ್ಣ ದಪ್ಪಕ್ಕೆ ಹಬ್ಬಿದ್ದರೆ ಅದು ಬೋವೆನ್ ರೋಗ (ಇನ್ನೂ ಒಳಗಿಳಿಯದ ಚರ್ಮದ ಕ್ಯಾನ್ಸರ್), ಚಿಕಿತ್ಸೆ ಬೇಕೇಬೇಕು.

ಎಡವಟ್ಟಾಗುವುದು ಹೆಚ್ಚಾಗಿ ಬಯಾಪ್ಸಿಗೆ ಚರ್ಮದ ತುಣುಕು ತೆಗೆಯುವಾಗಲೇ. ಅಂಗೈಯ ಮೇಲ್ಪದರ ದಪ್ಪ. ಮೇಲಿಂದ ಹೆರೆದರೆ ತಳ ಸಿಗದು, ಕ್ಯಾನ್ಸರ್ ಒಳಗಿಳಿದಿದೆಯೇ ಎಂದು ಹೇಳಲಾಗದು. 4 ಮಿ.ಮೀ. ಪಂಚ್ ಬಯಾಪ್ಸಿ (ದುಂಡು ಬ್ಲೇಡಿನಿಂದ ತುಣುಕು ತೆಗೆಯುವುದು) ಒಳಚರ್ಮದವರೆಗೂ ಇಳಿಯಬೇಕು. ತುಣುಕು ಕೆಡದಂತೆ ಇಡಲು ಅದರ ಹತ್ತು ಪಟ್ಟು ಫಾರ್ಮಲಿನ್ ದ್ರಾವಣ ಬೇಕು.

ಗಂಟು ಬೇಗ ದೊಡ್ಡದಾದರೆ, ಬಿರಿದು ರಕ್ತ ಬಂದರೆ, ಹುಣ್ಣಾಗಿ ಮಾಯದಿದ್ದರೆ ಚರ್ಮತಜ್ಞರ ಬಳಿ ಮರು ಬಯಾಪ್ಸಿ ಮಾಡಿಸಿ. ಕುಡಿಯುವ ನೀರಿನಲ್ಲಿ ಆರ್ಸೆನಿಕ್ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ಕುದಿಸಿದರೆ ಅದು ಹೋಗುವುದಿಲ್ಲ, ನೀರು ಇಂಗಿದಷ್ಟೂ ಸಾಂದ್ರವಾಗುತ್ತದೆ.