ಗಾರೆ ಗೋಡೆಗೆ ಸಿಮೆಂಟ್ ಬೇಡ

ಪ್ರಶ್ನೆ: ಬೆಂಗಳೂರಿನ ಫ್ಲ್ಯಾಟ್ ಬಿಟ್ಟು ತುಮಕೂರಿನ ಕ್ಯಾತ್ಸಂದ್ರದಲ್ಲಿ ಮಾವನವರ ಹಳೇ ಮನೆಗೆ ಬಂದಿದ್ದೇವೆ. ಇಟ್ಟಿಗೆ, ಸುಣ್ಣದ ಗಾರೆ. ಗೋಡೆ ಮೊಣಕಾಲೆತ್ತರಕ್ಕೆ ಉದುರುತ್ತಿದೆ. ಮೇಸ್ತ್ರಿ ಸಿಮೆಂಟ್ ಬಳಿಯೋಣ ಅಂತಾರೆ. ಬೋರ್‌ವೆಲ್ ನೀರಿಗೆ ಪಾತ್ರೆಯಲ್ಲೆಲ್ಲಾ ಬಿಳಿ ಕಲೆ. ಕುದಿಸಿ ಕುಡಿದರೆ ಸಾಕಾ?
– ಓದುಗರೊಬ್ಬರು, ಕ್ಯಾತ್ಸಂದ್ರ

ಉತ್ತರ: ಮೇಸ್ತ್ರಿಗೆ ಕಾಫಿ ಕೊಟ್ಟು ಕಳಿಸಿಬಿಡಿ. ಹಳೇ ಗೋಡೆ ನೆಲದ ತೇವ ಹೀರುತ್ತದೆ, ಗಾರೆಯ ಮೂಲಕ ಆರಿಸಿಕೊಳ್ಳುತ್ತದೆ. ಸಿಮೆಂಟ್ ಬಳಿದರೆ ಆ ದಾರಿ ಬಂದ್. ತೇವ ಮೇಲೇರಿ ಸೊಂಟದೆತ್ತರಕ್ಕೆ ಉದುರಲು ಶುರುವಾಗುತ್ತದೆ. ಪ್ಲಾಸ್ಟಿಕ್ ಪೇಂಟಿನದೂ ಅದೇ ಕಥೆ.

ಮೊದಲು ಹೊರಗೆ ಹೋಗಿ ನೋಡಿ. ಬಚ್ಚಲ ನೀರು ಗೋಡೆ ಬುಡದಲ್ಲೇ ನಿಲ್ಲುತ್ತಾ? ಯಾರೋ ಅಂಗಳಕ್ಕೆ ಮಣ್ಣು ಏರಿಸಿ ಕಾಂಕ್ರೀಟ್ ಹಾಕಿದ್ದಾರಾ? ಸಾಮಾನ್ಯವಾಗಿ ಹಾಕಿರುತ್ತಾರೆ! ಅದನ್ನು ಸರಿಮಾಡದೆ ಒಳಗೆ ಕೈ ಹಚ್ಚಬೇಡಿ. ಆಮೇಲೆ ಬೆರಳಿಗೆ ಬಿಳಿ ಉಪ್ಪು ಅಂಟುವ ಗಾರೆಯನ್ನೆಲ್ಲಾ ಕೆರೆದು, ಬೇಸಿಗೆ ಪೂರ್ತಿ ಒಣಗಲು ಬಿಡಿ. ಹೊಸ ಗಾರೆಗೆ ಒಂದು ಪಾಲು ಅರಳಿಸಿದ ಸುಣ್ಣ, ಮೂರು ಪಾಲು ಮರಳು. ಗೋಡೆ ನೆನೆಸಿಯೇ ಬಳಿಯಬೇಕು, ಒದ್ದೆ ಗೋಣಿ ಹೊದಿಸಬೇಕು. ಸುಣ್ಣದ ಕೆಲಸಕ್ಕೆ ಅವಸರ ಆಗಲ್ಲ.

ನೀರಿನ ವಿಷಯ. ಬಿಳಿ ಕಲೆ ಗಡಸುತನದ್ದು, ಅಷ್ಟೇನೂ ಹೆದರಬೇಡಿ. ನನಗೆ ಚಿಂತೆ ಫ್ಲೋರೈಡ್‌ನದು, ಅಂದರೆ ನೀರಲ್ಲಿ ಕರಗಿದ್ದು ಹೆಚ್ಚಾದರೆ ಹಲ್ಲು, ಮೂಳೆ ಕೆಡಿಸುವ ಲವಣ. ಪಾವಗಡ ಸೇರಿದಂತೆ ನಮ್ಮ ಜಿಲ್ಲೆಯ ಹಲವೆಡೆ ಅದು ಜಾಸ್ತಿ. ಕುದಿಸಿದರೆ ಹೋಗಲ್ಲ, ನೀರು ಬತ್ತಿದಷ್ಟೂ ಉಳಿದ ನೀರಲ್ಲಿ ಅದರ ಪ್ರಮಾಣ ಏರುತ್ತದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೇದು. ಬೇರೆ ನೀರು ಇಲ್ಲದಿದ್ದರೆ 1.5 ಕೊನೆಯ ಮಿತಿ. ಬೋರ್ ಸ್ವಲ್ಪ ಹೊತ್ತು ಓಡಿಸಿ, ಪ್ಲಾಸ್ಟಿಕ್ ಬಾಟಲಿಯಲ್ಲಿ ನೀರು ಹಿಡಿದು ಲ್ಯಾಬಿಗೆ ಕೊಡಿ. ಗಾಜಿನದು ಬೇಡ. ಆರ್‌ಒ ಮಾರುವವರನ್ನು ರಿಪೋರ್ಟ್ ಬಂದಮೇಲೆ ಒಳಗೆ ಬಿಡಿ.