ಸಂಪಾದಕರ ಉತ್ತರ: ಬೆರಳು ನಿಂತ ಜಾಗ

ಬಳ್ಳಾರಿಯ ಕೌಲ್ ಬಜಾರಿನಿಂದ ಒಬ್ಬ ತಂಗಿ ಎರಡು ಹಾಳೆಯ ಪತ್ರ ಬರೆದಿದ್ದಾರೆ. ಅದರ ಮುಖ್ಯ ಭಾಗ ಇದು:

"ಅಕ್ಕ ಅವರಿಗೆ ವಂದನೆಗಳು. ಮನೆಯಲ್ಲೇ ಕೂತು ಜೀನ್ಸ್ ಪ್ಯಾಂಟಿನ ದಾರ ಕತ್ತರಿಸುತ್ತೇನೆ, ಪೀಸ್ ಲೆಕ್ಕದಲ್ಲಿ. ಇಬ್ಬರು ಮಕ್ಕಳು, ಅತ್ತೆ, ನಮ್ಮ ಮನೆಯವರು. ನಳದಲ್ಲಿ ನೀರು ಬಿಡುವ ದಿನ ಬೆಳಗೆಲ್ಲ ಕೊಡ ತುಂಬುವುದರಲ್ಲೇ ಹೋಗುತ್ತದೆ. ಹೋದ ತಿಂಗಳು ಕೂಟದಲ್ಲಿ ಒಬ್ಬರು, ನಾಲ್ಕು ಗಂಟೆಗೆ ಎದ್ದು ಒಂದು ತಾಸು ಸತ್ಯವೇದ (ಬೈಬಲ್) ಓದದ ಹೆಣ್ಣುಮಗಳು ಹೆಸರಿಗಷ್ಟೇ ವಿಶ್ವಾಸಿ ಎಂದರು. ಅವತ್ತಿನಿಂದ ಸಮಾಧಾನವಿಲ್ಲ. ರೊಟ್ಟಿ ಮಾಡುವಾಗ ಫೋನಿನಲ್ಲಿ ವಾಕ್ಯ ಹಾಕಿ ಕೇಳುತ್ತೇನೆ. ಅಷ್ಟು ಸಾಲದಾ? ಓದಲೇಬೇಕಾ?"

ತಂಗಿ, ಮೊದಲು ಆ ನಾಲ್ಕು ಗಂಟೆಯ ಮಾತನ್ನು ಮನಸ್ಸಿನಿಂದ ತೆಗೆದುಹಾಕಿ. ಕರ್ತನಾದ ಯೇಸು ಇನ್ನೂ ಕತ್ತಲಿರುವಾಗಲೇ ಎದ್ದು ಪ್ರಾರ್ಥನೆಗೆ ಹೋದನೆಂದು ಮಾರ್ಕನು ತನ್ನ ಸುವಾರ್ತೆಯಲ್ಲಿ ಬರೆದಿದ್ದಾನೆ, ನಿಜ. ಆದರೆ ನೀರು ಹಿಡಿಯಲು ಎದ್ದವಳು ಮಲಗಿದವಳಲ್ಲ. ಗಡಿಯಾರ ನೋಡಿ ನಿಮ್ಮ ವಿಶ್ವಾಸ ಅಳೆಯುವ ಹಕ್ಕು ಯಾರಿಗೂ ಇಲ್ಲ.

ಕೇಳುವುದೂ ಒಳ್ಳೆಯದೇ. ಶಾಸ್ತ್ರಿ ಎಜ್ರನು ಯೆರೂಸಲೇಮಿನ ನೀರುಬಾಗಿಲ ಮುಂದಿನ ಬಯಲಿನಲ್ಲಿ ಬೆಳಗಿನಿಂದ ಮಧ್ಯಾಹ್ನದವರೆಗೆ ಧರ್ಮಶಾಸ್ತ್ರ ಓದಿದಾಗ ಹೆಂಗಸರೂ ನಿಂತು ಕೇಳಿದರು. ಬೈಬಲಿನ ಕೊನೆಯ ಪುಸ್ತಕ ಪ್ರಕಟನೆಯ ಮೊದಲ ಅಧ್ಯಾಯದಲ್ಲಿ ಓದುವವನೂ ಧನ್ಯ, ಕೇಳುವವರೂ ಧನ್ಯರು ಎಂದಿದೆ. ಅಕ್ಷರ ಬಾರದ ನಮ್ಮ ಎಷ್ಟೋ ತಾಯಂದಿರು ಬರೀ ಕೇಳಿಯೇ ಬದುಕಿದರು. ಅದಕ್ಕೆ ನಾನು ಎದುರಾಡುವುದಿಲ್ಲ.

ಆದರೂ ನೀವು ಓದಬೇಕು. ನಿಮ್ಮ ಕಣ್ಣಿನಿಂದ, ನಿಮ್ಮದೇ ಪುಸ್ತಕದಲ್ಲಿ. ಯಾಕೆ ಅಂದರೆ, ನಮ್ಮ ಅವ್ವನ ಕಥೆ ಹೇಳಬೇಕಾಗುತ್ತದೆ.

ಅವ್ವ ಅಕ್ಷರ ಕಲಿತದ್ದು ಮದುವೆಯಾದ ಮೇಲೆ, ನಾನು ತಂದ ಪಾಠದ ಪುಸ್ತಕ ನೋಡಿ. ಓದುವಾಗ ಬಲಗೈ ತೋರುಬೆರಳು ಅಕ್ಷರದ ಕೆಳಗೇ ಸರಿಯುತ್ತಿತ್ತು. ಒತ್ತಕ್ಷರ ಬಂದಲ್ಲಿ ಬೆರಳು ನಿಲ್ಲುತ್ತಿತ್ತು, ತುಟಿ ಅಲುಗುತ್ತಿತ್ತು, ಆಮೇಲೆ ಮುಂದಕ್ಕೆ. ಒಂದು ದಿನ ರೊಟ್ಟಿ ಮುಗಿಸಿ, ಕೈಗೆ ಹಿಟ್ಟು ಇದ್ದಂತೆಯೇ ಬೈಬಲಿನ ರೂತಳ ಪುಸ್ತಕ ತೆರೆದಿದ್ದಳು. ಎರಡನೆಯ ಅಧ್ಯಾಯ. ಬೆರಳು ಒಂದು ಪದದ ಮೇಲೆ ನಿಂತಿತು. ಒತ್ತಕ್ಷರಕ್ಕೆ ತಡವರಿಸುತ್ತಿದ್ದಾಳೆ ಅಂದುಕೊಂಡೆ. ಅವಳು ತಲೆ ಎತ್ತಿ, "ಇಲ್ಲಿ ಹಕ್ಕಲು ಅಂತ ಐತಲ್ಲ, ಇದು ನಾವು ಆಯ್ತಿದ್ದ ಹಕ್ಕಲಾ?" ಅಂದಳು.

ಅದೇ ಹಕ್ಕಲು. ಕೊಯ್ಲು ಮುಗಿದ ಹೊಲದಲ್ಲಿ ಬಿದ್ದ ತೆನೆ ಆಯುವುದು. ಅವ್ವ ಚಿಕ್ಕವಳಿದ್ದಾಗ ಅವರಮ್ಮನ ಜೊತೆ ಸೆರಗು ಕಟ್ಟಿಕೊಂಡು ಜೋಳದ ಹೊಲಕ್ಕೆ ಹೋಗುತ್ತಿದ್ದಳು. ಆ ಮಾತನ್ನು ಮಕ್ಕಳ ಮುಂದೆ ಎಂದೂ ಹೇಳಿರಲಿಲ್ಲ, ನಾಚಿಕೆ. ರೂತಳ ಕಥೆಯನ್ನು ಪ್ರಸಂಗದಲ್ಲಿ ಹತ್ತಾರು ಸಲ ಕೇಳಿದ್ದಳು. ಪ್ರಸಂಗದಲ್ಲಿ ಯಾವಾಗಲೂ ಮಾತು ರೂತಳಿಗೆ ಹಕ್ಕಲಾಯಲು ಬಿಟ್ಟ ಹೊಲದೊಡೆಯ ಬೋವಜನ ದೊಡ್ಡತನದ ಕಡೆಗೇ ಓಡುತ್ತಿತ್ತು. ಹಕ್ಕಲು ಎಂಬ ಪದ ಕಿವಿಯಿಂದ ಜಾರಿಹೋಗುತ್ತಿತ್ತು. ತಾನೇ ಓದಿದಾಗ ಅದು ಸಿಕ್ಕಿತು. ಅವತ್ತು ಸಂಜೆ ಆ ಹೊಲದ ವಿಷಯವೆಲ್ಲ ನಮಗೆ ಹೇಳಿದಳು. ಹೊಲದ ಮೂಲೆ ಪೂರ್ತಿ ಕೊಯ್ಯಬೇಡ, ಬಡವರಿಗೆ ಬಿಡು ಎಂದು ಬೈಬಲಿನ ಯಾಜಕಕಾಂಡದಲ್ಲೇ ಕಟ್ಟಳೆ ಇದೆ ಎಂದು ಗೊತ್ತಾದ ಮೇಲೆ ಅವಳ ನಾಚಿಕೆಯೇ ಹೋಯಿತು. ಬಿಕ್ಷೆ ಅಲ್ಲ, ಅದು ನಮ್ಮ ಪಾಲು ಎನ್ನುತ್ತಿದ್ದಳು. ಆ ಪುಟದ ಮಡಿಕೆಯಲ್ಲಿ ಹಿಟ್ಟಿನ ಗುರುತು ಈಗಲೂ ಇದೆ. ಪುಸ್ತಕ ನನ್ನ ಹತ್ತಿರ ಇದೆ.

ಫೋನಿನ ದನಿ ನಿಲ್ಲುವುದಿಲ್ಲ ತಂಗಿ. ರೊಟ್ಟಿ ಸೀದುಹೋಗುವಾಗಲೂ ಅದು ಮುಂದಿನ ವಚನಕ್ಕೆ ಹೋಗಿಬಿಡುತ್ತದೆ. ನಿಲ್ಲಿಸುವುದು ಬೆರಳಿಗೆ ಬರುತ್ತದೆ.

ಓದದಿದ್ದರೆ ಇನ್ನೊಂದು ತೊಂದರೆ. ಯಾರು ಏನು ಕಳಿಸಿದರೂ ನಂಬಬೇಕಾಗುತ್ತದೆ. ತನಗೆ ತಾನು ಸಹಾಯ ಮಾಡಿಕೊಳ್ಳುವವನಿಗೆ ದೇವರು ಸಹಾಯ ಮಾಡುತ್ತಾನೆ ಎಂಬ ಮಾತನ್ನು ಹೂವಿನ ಚಿತ್ರ ಹಾಕಿ ವಾಟ್ಸಾಪಿನಲ್ಲಿ ವಚನವೆಂದೇ ಕಳಿಸುತ್ತಾರೆ. ಬೈಬಲಿನ 66 ಪುಸ್ತಕಗಳಲ್ಲಿ ಎಲ್ಲಿಯೂ ಅದು ಇಲ್ಲ. ಹಣವೇ ಕೆಟ್ಟತನಕ್ಕೆ ಮೂಲ ಎನ್ನುತ್ತಾರೆ. ಶಿಷ್ಯ ತಿಮೊಥೆಯನಿಗೆ ಅಪೊಸ್ತಲ ಪೌಲನು ಪತ್ರದಲ್ಲಿ ಬರೆದದ್ದು ಹಣದಾಸೆಯ ಬಗ್ಗೆ. ಪೀಸಿಗೆ ಇಷ್ಟು ಎಂದು ಎಣಿಸಿ ದುಡಿಯುವ ನಿಮಗೆ ಹಣಕ್ಕೂ ಹಣದಾಸೆಗೂ ಇರುವ ಅಂತರ ನಾನು ಹೇಳಬೇಕಾ? ಬೆರೋಯ ಎಂಬ ಊರಿನವರು ಪೌಲನ ಮಾತನ್ನೇ ಶಾಸ್ತ್ರ ತೆಗೆದು ದಿನವೂ ಪರೀಕ್ಷಿಸಿದರು, ಅವರಲ್ಲಿ ಹೆಂಗಸರೂ ಇದ್ದರು. ಕೂಟದಲ್ಲಿ ನಿಮ್ಮನ್ನು ಹೆದರಿಸಿದವರ ಮಾತನ್ನೂ ನೀವು ಹಾಗೆಯೇ ಪರೀಕ್ಷಿಸಬಹುದಿತ್ತು.

ಪಂಡಿತಾ ರಮಾಬಾಯಿಯವರ ಹೆಸರು ಕೇಳಿರಬಹುದು. 1858ರಲ್ಲಿ ನಮ್ಮದೇ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದವರು. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ಅವರ ತಂದೆ ಊರವರ ವಿರೋಧ ಕಟ್ಟಿಕೊಂಡಿದ್ದರು. ಆ ತಾಯಿಯಿಂದ ಮಗಳು ಕಲಿತರು. ಮುಂದೆ ಕ್ರಿಸ್ತನನ್ನು ನಂಬಿದ ಮೇಲೆ ಹೀಬ್ರೂ, ಗ್ರೀಕ್ ಕಲಿತು, ಹಳ್ಳಿಯ ಹೆಂಗಸರಿಗೆ ತಿಳಿಯುವ ಮರಾಠಿಯಲ್ಲಿ ಇಡೀ ಬೈಬಲನ್ನು ಅನುವಾದಿಸಿದರು. ಪುಣೆ ಹತ್ತಿರದ ಕೆಡಗಾಂವದಲ್ಲಿ ಅವರು ಕಟ್ಟಿದ ಮುಕ್ತಿ ಮಿಷನ್ನಿನಲ್ಲಿ ಅಚ್ಚಿನ ಮೊಳೆ ಜೋಡಿಸಿದ್ದೂ ಹೆಣ್ಣುಮಕ್ಕಳೇ. 1922ರಲ್ಲಿ ತೀರಿಕೊಳ್ಳುವ ತನಕ ಆ ಕೆಲಸ ಬಿಡಲಿಲ್ಲ. ಹೆಂಗಸರಿಗೆ ಕೇಳಿದರೆ ಸಾಕು ಎಂದು ಅವರು ಅಂದುಕೊಂಡಿದ್ದರೆ ಅಷ್ಟು ಕಷ್ಟ ಯಾಕೆ ಪಡುತ್ತಿದ್ದರು?

ಈಗ ನಿಮ್ಮ ಮೇಲೆ ಒಂದು ಸಣ್ಣ ಸಿಟ್ಟು. ಪತ್ರದ ತುಂಬ ಟೈಮ್ ಇಲ್ಲ, ಟೈಮ್ ಇಲ್ಲ ಎಂದು ಬರೆದಿದ್ದೀರಿ. ಮನೆಯವರನ್ನು ಒಂದು ಸಲವಾದರೂ ಕೇಳಿದ್ದೀರಾ? ಕೇಳಿದ್ದರೆ ಬರೆಯುತ್ತಿದ್ದಿರಿ. ಯೇಸು ಮನೆಗೆ ಬಂದಾಗ ಮಾರ್ಥ ಉಪಚಾರದ ಕೆಲಸಕ್ಕೆ ನಿಂತಳು, ತಂಗಿ ಮರಿಯ ಮಾತು ಕೇಳುತ್ತ ಕೂತಳು; ಆ ಕಥೆ ಹೇಳಿ ಮಾರ್ಥಳಿಗೆ ಬೈಯುವುದು ನಮ್ಮಲ್ಲಿ ರೂಢಿ. ಆ ಮನೆಯಲ್ಲಿ ತಮ್ಮ ಲಾಜರನೂ ಇದ್ದ ಎಂಬುದು ಯಾರಿಗೂ ನೆನಪಾಗುವುದಿಲ್ಲ. ನಿಮ್ಮ ಮನೆಯಲ್ಲಿ ಮಾರ್ಥಳೂ ನೀವೇ, ಮರಿಯಳೂ ನೀವೇ ಆಗಬೇಕು ಅಂದರೆ ಹೇಗೆ? ಹದಿನೈದು ನಿಮಿಷ ನಳದ ಹತ್ತಿರ ಇನ್ನೊಬ್ಬರು ನಿಲ್ಲಲಿ. ಊಟ ತಡವಾಯಿತು ಎಂದು ಕೇಳುವ ಮನೆ, ಅಮ್ಮನ ಓದು ಆಯಿತಾ ಎಂದೂ ಕೇಳಲಿ.

ಸಭೆಗಳಿಗೂ, ಅಂದರೆ ಚರ್ಚುಗಳಿಗೂ, ಇದನ್ನೇ ಹೇಳುತ್ತೇನೆ. ಒಂದು ಸಭೆಯ ವಾರ್ಷಿಕೋತ್ಸವಕ್ಕೆ ಮಹಿಳೆಯರಿಗೆ ಸತ್ಯವೇದ ಪಾಠ ಮಾಡಲು ನನ್ನನ್ನು ಕರೆದಿದ್ದರು. ಪಾಠದ ಹೊತ್ತಿಗೆ ಹೋಗಿ ನೋಡಿದರೆ ಮಹಿಳೆಯರೆಲ್ಲ ಪೆಂಡಾಲಿನ ಹಿಂದೆ ಈರುಳ್ಳಿ ಹೆಚ್ಚುತ್ತಿದ್ದರು. ಕುರ್ಚಿಗಳು ಖಾಲಿ. ನಾನು ಅಲ್ಲೇ ಒಂದು ಮಣೆ ಹಾಕಿಕೊಂಡು ಕೂತು ಪಾಠ ಮಾಡಿದೆ. ಅವರು ಹೆಚ್ಚುತ್ತಲೇ ಕೇಳಿದರು, ಒಬ್ಬರ ಕೈಯಲ್ಲೂ ಪುಸ್ತಕವಿರಲಿಲ್ಲ. ಓದಿ ಎಂದು ಹೆಂಗಸರಿಗೆ ಗದರಿಸುವ ಸಭೆ, ಓದಲು ಬಿಡುವು ಕೊಟ್ಟಿದೆಯಾ?

ನನ್ನನ್ನು ಇದಕ್ಕಿಂತ ಜಾಸ್ತಿ ಕಾಡುವುದು ಮುಂದಿನ ಪೀಳಿಗೆ. ಕನ್ನಡ ಬೈಬಲಿನ ಕೆಲಸ ನಡೆದದ್ದು ನಮ್ಮ ಬಳ್ಳಾರಿಯಲ್ಲೇ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಇಲ್ಲಿಗೆ ಬಂದು, ಇಲ್ಲಿನವರ ಬಾಯಿಂದ ಕನ್ನಡ ಕಲಿತು, ಅನುವಾದಕ್ಕೆ ಕೈ ಹಾಕಿದರು. ಜೊತೆಗಾರ ವಿಲಿಯಂ ರೀವ್ ಕನ್ನಡ ನಿಘಂಟನ್ನೇ ಕಟ್ಟಿದರು. ಇಡೀ ಬೈಬಲ್ ಕನ್ನಡದಲ್ಲಿ ಬರಲು ಸುಮಾರು 20 ವರ್ಷ ಹಿಡಿಯಿತು. ಇವತ್ತು ಅದೇ ಊರಿನ ಸಂಡೇಸ್ಕೂಲಿನಲ್ಲಿ ಕೀರ್ತನೆ ಓದು ಎಂದರೆ ಮಗು ಮೊದಲ ಸಾಲಿಗೇ ನಿಲ್ಲುತ್ತದೆ. ಇಂಗ್ಲಿಷ್ ಬೈಬಲ್ ಕೊಟ್ಟರೆ ಗಡಗಡ ಓದುತ್ತದೆ, ಅರ್ಥ ಕೇಳಿದರೆ ಮುಖ ನೋಡುತ್ತದೆ. ಎರಡೂ ಕಡೆ ನಷ್ಟ. ಇಂಗ್ಲಿಷ್ ಕಲಿಯಲಿ, ಬೇಡ ಎನ್ನುವುದಿಲ್ಲ. ಮನೆಯ ಮಾತಿನಲ್ಲಿ ದೇವರ ಮಾತು ಓದಲು ಬಾರದಂತೆ ಮಾಡಿದ್ದು ನಾವೇ.

ಸರಿ, ನಿಮ್ಮ ವಿಷಯಕ್ಕೆ ಬರುತ್ತೇನೆ. ವರ್ಷದಲ್ಲಿ ಇಡೀ ಬೈಬಲ್ ಮುಗಿಸುವ ಹಟ ಈಗ ಬೇಡ. ಒಟ್ಟು 1189 ಅಧ್ಯಾಯ, ದಿನಕ್ಕೆ ಮೂರಕ್ಕಿಂತ ಜಾಸ್ತಿ ಆಗುತ್ತದೆ. ಆದಿಕಾಂಡದಿಂದ ಜೋರಾಗಿ ಹೊರಟು ಯಾಜಕಕಾಂಡದಲ್ಲಿ ಕೈಬಿಟ್ಟವರನ್ನು ಬೇಕಾದಷ್ಟು ನೋಡಿದ್ದೇನೆ. ಹೊಸ ಒಡಂಬಡಿಕೆಯಲ್ಲಿ 260 ಅಧ್ಯಾಯ. ವಾರಕ್ಕೆ ಐದು ದಿನ, ದಿನಕ್ಕೊಂದು ಅಧ್ಯಾಯ ಅಂದರೆ ಸರಿಯಾಗಿ 52 ವಾರ. ನೀರು ಬಿಡುವ ದಿನ, ಪ್ಯಾಂಟಿನ ಗಂಟು ಜಾಸ್ತಿ ಬಂದ ದಿನ ಬಿಟ್ಟರೂ ಲೆಕ್ಕ ತಪ್ಪುವುದಿಲ್ಲ. ಮಾರ್ಕನಿಂದ ಶುರು ಮಾಡಿ, ಚಿಕ್ಕದು. ಪುಸ್ತಕವನ್ನು ಕಪಾಟಿನ ಮೇಲೆ ಬಟ್ಟೆ ಸುತ್ತಿ ಇಡಬೇಡಿ, ಕತ್ತರಿ ಇಡುವ ಜಾಗದಲ್ಲೇ ಇಡಿ. ಕತ್ತರಿ ಮುಟ್ಟುವ ಮುಂಚೆ ಅದನ್ನು ಮುಟ್ಟಿ.

ಅದಕ್ಕೂ ಮೊದಲು ಒಂದು ಕೆಲಸ. ಮಗಳು ಏಳನೇ ಕ್ಲಾಸು, ಇಂಗ್ಲಿಷ್ ಮೀಡಿಯಂ ಎಂದು ಬರೆದಿದ್ದೀರಿ. ನಾಲ್ಕು ಸಂಜೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ರೂತಳ ನಾಲ್ಕು ಅಧ್ಯಾಯ ಓದಿ. ಒಂದು ವಚನ ನೀವು, ಒಂದು ವಚನ ಅವಳು. ತಡವರಿಸಲಿ ಬಿಡಿ, ಬೈಯಬೇಡಿ. ಎರಡನೆಯ ಸಂಜೆ ಅವಳು, ಅಮ್ಮಾ, ಹಕ್ಕಲು ಅಂದರೆ ಏನು ಎಂದು ಕೇಳುತ್ತಾಳೆ. ನಿಮಗೆ ಗೊತ್ತಿಲ್ಲದಿದ್ದರೆ ಅತ್ತೆಯವರನ್ನು ಕರೆಯಿರಿ.